ನನ್ನನ್ನು ಸಾಕಿದ ಆಯಿ

(ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ನಾನು ಭಾಷಣ ಮಾಡುವವಳಲ್ಲ, ನರೇಗಲ್ಲಿನ ಸಂಘದಲ್ಲಿ ಲೆಕ್ಕ ಬರೆಯುವವಳು. ನನ್ನ ಆಯಿಯ ಬಗ್ಗೆ ಹೇಳುತ್ತೇನೆ.

ಆಯಿ ಬಹಳ ಕಟ್ಟುನಿಟ್ಟು. ನಸುಕಿನಲ್ಲಿ ಎದ್ದು ಜಳಕ ಮಾಡಿ, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಯುವವರೆಗೆ ಬಾಯಿಗೆ ಹನಿ ನೀರು ಹಾಕುತ್ತಿರಲಿಲ್ಲ. ನನಗೂ ಅದೇ ನೇಮ, ಜ್ವರ ಬಂದರೂ ಬಿಡುತ್ತಿರಲಿಲ್ಲ. ಶ್ರಾವಣದಲ್ಲಿ ಪುರಾಣ ಕೇಳಲು ಕರೆದೊಯ್ಯುವಳು, ಗೆಳತಿಯರ ಮನೆಗೆ ಮಾತ್ರ ಕಳಿಸಳು. ಅಕ್ಕಮಹಾದೇವಿಯ ವಚನ ಹೇಳುವಾಗ ಒಂದು ಶಬ್ದ ತಪ್ಪಿದರೆ ಮತ್ತೆ ಮೊದಲಿನಿಂದ.

ನನ್ನ ಅವ್ವ 1981ರಲ್ಲಿ ಗಂಡನ ಮನೆಯಲ್ಲಿ ಸುಟ್ಟು ಸತ್ತಳು. ಸ್ಟೋ ಸಿಡಿಯಿತೆಂದರು. ನನಗಾಗ ಮೂರು ವರ್ಷ. ಅದಕ್ಕೆ ಎರಡು ತಿಂಗಳ ಮುಂಚೆ, ಬಾಕಿ ಬಂಗಾರಕ್ಕಾಗಿ ಹೊಡೆಯುತ್ತಾರೆಂದು ಅವ್ವ ತವರಿಗೆ ಬಂದಿದ್ದಳಂತೆ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂದು ಆಯಿಯೇ ಬಸ್ಸಿಗೆ ಹತ್ತಿಸಿದಳು. ಇದನ್ನು ನೆರೆಯವರು ಹೇಳಿದರೇ ಹೊರತು ಆಯಿ ಬಾಯಿ ಬಿಡಲಿಲ್ಲ. ಕೌಶಿಕನ ಅರಮನೆ ಬಿಟ್ಟು ನಡೆದ ಅಕ್ಕನನ್ನು ದಿನಾ ನೆನೆಯುವವಳು ಸ್ವಂತ ಮಗಳಿಗೆ ಬಾಗಿಲು ಹಾಕಿದ್ದು ಹೇಗೆ? ನನಗಿನ್ನೂ ಬಗೆಹರಿದಿಲ್ಲ.

1998ರಲ್ಲಿ ನಾನೂ ಬಂದೆ, ಕೊನೆಯ ಬಸ್ಸಿಗೆ. ತುಟಿ ಒಡೆದಿತ್ತು. ಆಯಿ ಏನೂ ಕೇಳಲಿಲ್ಲ. ನೀರು ಕಾಯಿಸಿದಳು, ರೊಟ್ಟಿ ಬಡಿದಳು. ಬೆಳಗ್ಗೆ ಪೂಜೆ ಬಿಟ್ಟು ನನ್ನನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೊರಟಳು. ಅವಳು ಪೂಜೆ ಬಿಟ್ಟದ್ದನ್ನು ನಾನು ಅದೊಂದೇ ದಿನ ಕಂಡದ್ದು.

ಠಾಣೆಯಲ್ಲಿ, "ಗಂಡ ಹೆಂಡಿರ ಜಗಳ, ಹಿರಿಯರು ಬುದ್ಧಿ ಹೇಳಿ ಕಳಿಸಿರಿ" ಎಂದರು. ಆಯಿ ಅಲ್ಲೇ ಕಟ್ಟೆಯ ಮೇಲೆ ಕೂತಳು. "ಒಬ್ಬಾಕಿಗೆ ಬುದ್ಧಿ ಹೇಳಿ ಕಳಿಸೇನ್ರಿ. ಆಕಿ ಮಾರಿ ಸೈತ ಗುರುತು ಸಿಗಲಿಲ್ಲ" ಎಂದಳು. ಮಧ್ಯಾಹ್ನ ಮೂರಕ್ಕೆ ದೂರು ಬರೆದುಕೊಂಡರು. ಅಲ್ಲಿಯವರೆಗೂ ಆಯಿ ನೀರು ಮುಟ್ಟಲಿಲ್ಲ.

ಮರುದಿನ ಮತ್ತೆ ನಸುಕಿಗೇ ನನ್ನನ್ನು ಎಬ್ಬಿಸಿದಳು! ಅವ್ವನ ವಿಷಯ ಆಗಲೂ ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಅವ್ವ ಸತ್ತಾಗ 1961ರ ವರದಕ್ಷಿಣೆ ನಿಷೇಧ ಕಾಯ್ದೆ ಇತ್ತು. ಗಂಡನ ಮನೆಯವರ ಹಿಂಸೆಗೆಂದೇ 498ಎ ಕಲಂ ಬಂದದ್ದು 1983ರಲ್ಲಿ, ವರದಕ್ಷಿಣೆ ಸಾವಿಗೆ 304ಬಿ ಬಂದದ್ದು 1986ರಲ್ಲಿ. 2024ರ ಜುಲೈ 1ರಿಂದ ಇವೇ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 80ನೇ ಕಲಂಗಳಾಗಿವೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ, ಹೊಡೆಯುವವನೇ ಮನೆ ಬಿಡಬೇಕೆಂದು ಕೋರ್ಟು ಹೇಳಬಹುದು. ನಂಬರು ಮರೆತರೂ ಚಿಂತೆಯಿಲ್ಲ, ಬರೆದು ಕೊಡುತ್ತೇನೆ.

ಯಾರ ಮಗಳಾದರೂ ಈಗ ತವರಿಗೆ ಬಂದು ಕೂತಿದ್ದರೆ, ಬಸ್ಸಿಗೆ ಹತ್ತಿಸುವ ಮೊದಲು ನನ್ನ ಹತ್ತಿರ ಬನ್ನಿ. ಸಂಜೆಯವರೆಗೆ ಇಲ್ಲೇ ಇರುತ್ತೇನೆ.