ನಾಯಿಯ ನೆತ್ತರಿನಲ್ಲಿರುವ ಬರಹ

ಮನೆಯ ನಾಯಿ ಅನ್ನ ಬಿಟ್ಟು ಮೂಲೆ ಹಿಡಿಯಿತು, ಮೈ ಕಾದಿದೆ, ವಸಡು ಬಿಳಿಚಿದೆ ಎನ್ನೋಣ. ಕಿವಿಯ ಸಂದಿನಲ್ಲಿ ಉಣುಗು ಕಂಡರೆ ‘ಉಣುಗಿನ ಜ್ವರ’ ಎಂದುಬಿಡುತ್ತೇವೆ. ಆದರೆ ಈ ಒಂದು ಹೆಸರಿನ ಹಿಂದೆ ಹಲವು ಬೇನೆಗಳು ಅಡಗಿವೆ. ಎರ್ಲಿಕಿಯ ಎಂಬುದು ಬಿಳಿ ರಕ್ತಕಣದಲ್ಲಿ ನೆಲಸುವ ಬ್ಯಾಕ್ಟೀರಿಯ; ಬೆಬೀಸಿಯ ಎಂಬುದು ಕೆಂಪು ರಕ್ತಕಣವನ್ನು ಒಡೆಯುವ ಏಕಕೋಶಜೀವಿ. ಒಂದರ ಮದ್ದು ಇನ್ನೊಂದಕ್ಕೆ ಸಾಲದು. ಕೆಲವೊಮ್ಮೆ ಎರಡೂ ಒಂದೇ ನಾಯಿಯಲ್ಲಿರುವುದುಂಟು. ಗುರುತು ತಪ್ಪಿದರೆ ಪ್ರಾಣಕ್ಕೇ ಸಂಚಕಾರ.

ಈ ಗುರುತಿಸುವಿಕೆಗೆ ಹಳೆಯ ಸಾಧನ ಸೂಕ್ಷ್ಮದರ್ಶಕ. ಪ್ಯಾಟನ್ ಎಂಬ ವಿಜ್ಞಾನಿ 1910ರಲ್ಲಿ ಮದರಾಸಿನ ಬೇಟೆನಾಯಿಗಳ ರಕ್ತದಲ್ಲಿ ಕಂಡು ವರ್ಣಿಸಿದ ಜೀವಿಯೇ ಇಂದಿನ ಬೆಬೀಸಿಯ ಗಿಬ್ಸೋನಿ. ಆದರೆ ರೋಗಾಣುಗಳು ವಿರಳವಾಗಿದ್ದರೆ ಕಣ್ಣಿಗೆ ಬೀಳವು. ಪ್ರತಿಕಾಯಗಳ ಪರೀಕ್ಷೆಯೂ ಉಂಟು; ಅದು ಶತ್ರು ಎಂದೋ ಬಂದಿದ್ದನೆಂದು ಹೇಳೀತು, ಈಗಲೂ ಇದ್ದಾನೆಯೇ ಎಂಬುದನ್ನು ಖಚಿತವಾಗಿ ಹೇಳದು.

1983ರಲ್ಲಿ ಕ್ಯಾರಿ ಮುಲ್ಲಿಸ್ ಕಂಡುಹಿಡಿದ ಪಿಸಿಆರ್ ವಿಧಾನ ಡಿಎನ್‌ಎಯ ಬೇಕಾದ ತುಣುಕನ್ನು ಲಕ್ಷಾಂತರ ಪ್ರತಿಗಳಾಗಿ ಹೆಚ್ಚಿಸುತ್ತದೆ. ಇದು ಓಲೆಗರಿಯ ಕಟ್ಟಿನಲ್ಲಿ ಗೊತ್ತಿರುವ ಒಂದು ಪದವನ್ನು ಹುಡುಕಿದಂತೆ. ಸಾಮಾನ್ಯವಾಗಿ ನಾವು ಯಾವುದನ್ನು ಹುಡುಕುತ್ತೇವೆಯೋ ಅದೇ ಸಿಕ್ಕುತ್ತದೆ. ನೆನೆಯದ ರೋಗಾಣು ತಪ್ಪಿಸಿಕೊಳ್ಳುತ್ತದೆ.

ಹೊಸ ವಿಧಾನ ಗರಿಗರಿಯನ್ನೂ ಓದುತ್ತದೆ. ಎಲ್ಲ ಬ್ಯಾಕ್ಟೀರಿಯಗಳಲ್ಲೂ 16ಎಸ್ ಎಂಬ ಜೀನು ಉಂಟು. ಅದರ ಕೆಲವು ಸಾಲುಗಳು ಎಲ್ಲದರಲ್ಲೂ ಬಹುಮಟ್ಟಿಗೆ ಒಂದೇ. ನಡುವಿನ ಸಾಲುಗಳು ಜಾತಿಗೊಂದು ಬಗೆ. ಸಮಾನವಾದ ಸಾಲುಗಳನ್ನು ಹಿಡಿಯಾಗಿಟ್ಟುಕೊಂಡು ಜೀನನ್ನು ಹೆಚ್ಚಿಸಿ, ನಡುವಿನ ಪಾಠವನ್ನು ಓದಿ, ಗೊತ್ತಿರುವ ಪಾಠಗಳೊಡನೆ ಹೋಲಿಸಿದರೆ ಬಂದವರು ಯಾರೆಂದು ತಿಳಿಯುತ್ತದೆ. ಬೆಬೀಸಿಯದಂಥ ಜೀವಿಗಳಿಗೆ 18ಎಸ್ ಜೀನು ಆಧಾರ. ಮೆಲ್ಬರ್ನ್ ವಿಶ್ವವಿದ್ಯಾನಿಲಯದ ಸಂಶೋಧಕರು ಥಾಯ್ಲೆಂಡಿನ ನಾಯಿಗಳ ರಕ್ತವನ್ನು ಹೀಗೆ ಓದಿದ್ದಾರೆ. ನ್ಯಾನೊಪೋರ್ ಎಂಬ ಅಂಗೈಯಗಲದ ಯಂತ್ರದಲ್ಲಿ ಡಿಎನ್‌ಎ ಎಳೆ ಸೂಕ್ಷ್ಮರಂಧ್ರದಲ್ಲಿ ನುಸುಳುವಾಗ ವಿದ್ಯುತ್ತು ಏರಿಳಿಯುತ್ತದೆ. ಆ ಏರಿಳಿತವೇ ಅಕ್ಷರವಾಗುತ್ತದೆ.

ಇದಕ್ಕೂ ಮಿತಿಯುಂಟು. ರಕ್ತದಲ್ಲಿರುವ ಡಿಎನ್‌ಎ ಬಹುಪಾಲು ನಾಯಿಯದೇ. ಹಳೆಯ ಬೇನೆಯಲ್ಲಿ ಎರ್ಲಿಕಿಯ ಗುಲ್ಮದಲ್ಲಿಯೋ ಮಜ್ಜೆಯಲ್ಲಿಯೋ ಅಡಗಿ, ತೆಗೆದ ರಕ್ತದಲ್ಲಿ ಸಿಕ್ಕದೆ ಹೋಗಬಹುದು. ಸತ್ತ ರೋಗಾಣುವಿನ ಡಿಎನ್‌ಎ ಕೂಡ ಓದಿಗೆ ಬಂದೀತು. ಖರ್ಚು, ಕಾಲ ಎರಡೂ ಬೇಕು. ಆದ್ದರಿಂದ ಜ್ವರದಿಂದ ನರಳುವ ನಾಯಿಯನ್ನು ಈ ಫಲಿತಾಂಶಕ್ಕಾಗಿ ಕಾಯಿಸಲಾಗದು. ಪಶುವೈದ್ಯರು ರಕ್ತಲೇಪ ನೋಡಿ, ರಕ್ತಕಣಗಳನ್ನು ಎಣಿಸಿ, ಚಿಕಿತ್ಸೆಯನ್ನು ಅಂದೇ ತೊಡಗಬೇಕಾಗುತ್ತದೆ. ಯಾವ ಊರಿನಲ್ಲಿ ಯಾವ ರೋಗಾಣು ಹರಡಿದೆಯೆಂಬುದನ್ನು ತಿಳಿಯಲು ಮಾತ್ರ ಈ ಓದು ಬಹು ಉಪಕಾರಿ. ಆ ತಿಳಿವಳಿಕೆ ಮುಂದಿನ ನಾಯಿಯ ಚಿಕಿತ್ಸೆಗೆ ದಾರಿದೀಪ.

ನಮ್ಮ ಪಾಲಿನ ಕೆಲಸ ಸುಲಭ. ದಿನವೂ ನಾಯಿಯ ಕಿವಿ, ಕುತ್ತಿಗೆ, ಬೆರಳ ಸಂದುಗಳನ್ನು ನೋಡಿ. ಉಣುಗನ್ನು ಬರಿಗೈಯಲ್ಲಿ ಹೊಸಕದೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನಿಧಾನವಾಗಿ ಎಳೆಯಿರಿ. ಜ್ವರ ಬಂದಾಗ ‘ಉಣುಗಿನ ಜ್ವರವೇ?’ ಎಂದಷ್ಟೇ ವೈದ್ಯರನ್ನು ಕೇಳಿ ಸುಮ್ಮನಾಗಬೇಡಿ, ‘ಯಾವ ರೋಗಾಣುವಿನದು?’ ಎಂದೂ ಕೇಳಿ. ಮೂಕ ಪ್ರಾಣಿಯ ಪರವಾಗಿ ಆ ಪ್ರಶ್ನೆ ಕೇಳಬೇಕಾದವರು ನಾವೇ.