ಬಲ ಕುಂದಿದಲ್ಲಿ ಕೃಪೆ

ಮನೆಯಲ್ಲಿ ಯಾರಾದರೂ ಬಹುಕಾಲ ಹಾಸಿಗೆ ಹಿಡಿದರೆ ನಾವು ದೇವರಲ್ಲಿ ಬೇಡಿಕೊಳ್ಳುವುದು ಒಂದೇ: ಈ ನೋವನ್ನು ತೆಗೆದುಬಿಡು ಎಂದು. ಹಾಗೆ ಬೇಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಬೇಡಿದ್ದು ದೊರೆಯದೆ ಹೋದರೆ? ನೋವು ಹಾಗೆಯೇ ಉಳಿದರೆ ನಂಬಿಕೆಗೆ ಅರ್ಥವೇನು? ಈ ಪ್ರಶ್ನೆ ನಿಮ್ಮಲ್ಲಿ ಅನೇಕರನ್ನು ಕಾಡಿರಬಹುದು.

ಸಂತ ಪೌಲನನ್ನೂ ಅದು ಕಾಡಿತ್ತು. ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಅವನು ತನ್ನ ದೇಹಕ್ಕೆ ನಾಟಿದ ಮುಳ್ಳೊಂದರ ಮಾತನ್ನು ಹೇಳುತ್ತಾನೆ. ಅದು ಯಾವ ಬಾಧೆಯೆಂದು ಬಿಡಿಸಿ ಹೇಳಿಲ್ಲ. ಅದು ತೊಲಗಬೇಕೆಂದು ಮೂರು ಸಲ ಪ್ರಾರ್ಥಿಸಿದ, ಮುಳ್ಳು ಹೋಗಲಿಲ್ಲ. ಅದರ ಜೊತೆಯಲ್ಲೇ ಬಾಳುವುದಕ್ಕೆ ಬೇಕಾದಷ್ಟು ಕೃಪೆ ತನಗುಂಟೆಂದು, ತನ್ನ ದುರ್ಬಲತೆಯೇ ದೇವರ ಶಕ್ತಿ ಕೆಲಸಮಾಡುವ ಎಡೆಯೆಂದು ಅವನಿಗೆ ತಿಳಿದುಬಂತು.

ಇದು ಬಹಳ ಹಿಂದಿನ ಮಾತೆನಿಸಿದರೆ, ನಮ್ಮ ಕಾಲಕ್ಕೆ ಹತ್ತಿರದ ಒಂದು ಬಾಳನ್ನು ನೋಡೋಣ. ಡಾಕ್ಟರ್ ಮೇರಿ ವರ್ಗೀಸ್ 1925ರಲ್ಲಿ ಕೇರಳದಲ್ಲಿ ಹುಟ್ಟಿದವರು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಓದಿ ಅಲ್ಲಿಯೇ ವೈದ್ಯರಾದರು. 1954ರಲ್ಲಿ ಒಂದು ಮೋಟಾರು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಆಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಅವರೂ ಪ್ರಾರ್ಥಿಸುವವರೇ, ಆದರೂ ಕಾಲುಗಳಿಗೆ ಮತ್ತೆ ಸ್ವಾಧೀನ ಬರಲಿಲ್ಲ.

ಅದೇ ಆಸ್ಪತ್ರೆಯಲ್ಲಿ ಡಾಕ್ಟರ್ ಪಾಲ್ ಬ್ರ್ಯಾಂಡ್ ಎಂಬವರು ಕುಷ್ಠರೋಗಿಗಳ ಕೈಗಳನ್ನು ಸರಿಪಡಿಸುತ್ತಿದ್ದರು. ಆ ರೋಗದಿಂದ ನರಗಳು ಕೆಟ್ಟು, ಬೆರಳುಗಳು ಪಂಜದಂತೆ ಮಡಿಚಿಕೊಳ್ಳುವುದುಂಟು. ಶಕ್ತಿ ಉಡುಗಿದ ಸ್ನಾಯುವನ್ನು ಅವರು ಬದುಕಿಸಲಾರರು. ಅದಕ್ಕಾಗಿ, ಮುಂಗೈಯಲ್ಲಿ ಚೆನ್ನಾಗಿರುವ ಬೇರೊಂದು ಸ್ನಾಯುವಿನ ರಜ್ಜುವನ್ನು ತಂದು ಬೆರಳುಗಳಿಗೆ ಜೋಡಿಸುತ್ತಿದ್ದರು. ಆಮೇಲೆ ರೋಗಿ ದಿನದಿನವೂ ಅಭ್ಯಾಸಮಾಡಿ ಆ ಕೈಯನ್ನು ಪಳಗಿಸಿಕೊಳ್ಳಬೇಕು. ಈ ಶಸ್ತ್ರಚಿಕಿತ್ಸೆಯನ್ನು ಕುಳಿತುಕೊಂಡೇ ಮಾಡಬಹುದು. ಮೇರಿ ವರ್ಗೀಸರು ಗಾಲಿಕುರ್ಚಿಯಲ್ಲಿ ಕುಳಿತು ಅದನ್ನು ಕಲಿತರು, ಮಾಡಿದರು. ತಮ್ಮಂತೆಯೇ ಊನಗೊಂಡ ವೈದ್ಯರನ್ನು ಕಂಡು ರೋಗಿಗಳು ಧೈರ್ಯ ತಂದುಕೊಂಡರು. ಆರೋಗ್ಯವಂತ ವೈದ್ಯರ ಬಾಯಿಂದ ಬಂದಿದ್ದರೆ ಬರಿಯ ಸಮಾಧಾನವೆನಿಸಬಹುದಾಗಿದ್ದ ಮಾತು ಅವರ ಬಾಯಿಂದ ಬಂದಾಗ ನಂಬುವಂತಾಯಿತು.

ಕೃಪೆಯೆಂದರೇನೆಂದು ಯಾರಾದರೂ ಕೇಳಿದರೆ ನನಗೆ ಆ ಕೈಯೇ ನೆನಪಾಗುತ್ತದೆ. ಹೋದ ಶಕ್ತಿ ಹೋಯಿತು. ಬಂದದ್ದು ಬೇರೆ ಕಡೆಯಿಂದ. ಆದರೆ ಬಂದ ಬಲವನ್ನು ದುಡಿಸಿಕೊಳ್ಳುವ ಶ್ರಮ ನಮ್ಮದೇ. ಮೇರಿ ವರ್ಗೀಸರು ಆಸ್ಟ್ರೇಲಿಯಾದಲ್ಲಿಯೂ ನ್ಯೂಯಾರ್ಕಿನಲ್ಲಿಯೂ ತರಬೇತಿ ಪಡೆದು ಬಂದು, ಅಂಗವಿಕಲರ ಪುನರ್ವಸತಿಯ ವಿಭಾಗವನ್ನು ವೆಲ್ಲೂರಿನಲ್ಲಿ ನಡೆಸಿದರು. 1966ರಲ್ಲಿ ಅಂಥವರು ತಂಗಿ ಚಿಕಿತ್ಸೆ ಪಡೆಯುವ ಸಂಸ್ಥೆಯೂ ಅಲ್ಲಿ ತೆರೆಯಿತು. 1972ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 1986ರಲ್ಲಿ ಅವರು ತೀರಿಕೊಂಡರು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ನೋವು ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ನರಳುತ್ತಿರುವವರ ಮುಂದೆ ಕುಳಿತು ತಾಳ್ಮೆಯನ್ನು ಉಪದೇಶಿಸುವುದು ಬಹಳ ಸುಲಭ. ಪೌಲನು ಬರೆದದ್ದು ಇತರರ ಮುಳ್ಳಿನ ವಿಷಯವನ್ನಲ್ಲ, ತನ್ನದನ್ನು. ಮದ್ದು ಇದ್ದರೆ ಕೊಡಿಸೋಣ, ನೋವು ಕಳೆಯುವುದಾದರೆ ಕಳೆಯೋಣ. ಕಳೆಯದೆ ಉಳಿದದ್ದನ್ನು ಮಾತ್ರ ನಾಚಿಕೆಯಿಂದ ಮುಚ್ಚಿಡುವುದು ಬೇಡ. ನಿಮ್ಮ ಕೈಯಲ್ಲಿ ಆಗದ ಆ ಒಂದು ಸಂಗತಿಯನ್ನು ಇದ್ದದ್ದಿದ್ದ ಹಾಗೆ ದೇವರ ಮುಂದೆ ಇಡಿ. ಇಂದು ಕುಳಿತಲ್ಲಿಂದಲೇ ಮಾಡಬಹುದಾದ ಕೆಲಸ ಯಾವುದೆಂದು ಕೇಳಿ. ಉತ್ತರ ದೊರೆತರೆ ಅದು ಸಣ್ಣದೆಂದು ತಳ್ಳಬೇಡಿ.