ಇಳಿತ ನೋಡಿ ಹೊರಟ ದಾರಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 1990ರಲ್ಲಿ ಈ ಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿದವಳು. ಈಗ ಧಾರವಾಡದ ಕಡೆ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಸಮಿತಿಯವರು ಫೋನು ಮಾಡಿ, "ನೀವು ಮುರ್ಡೇಶ್ವರದಿಂದ ಗೋಕರ್ಣಕ್ಕೆ ಓಡಿಕೊಂಡೇ ಹೋದಿರಂತಲ್ಲ, ಅದನ್ನೇ ಹೇಳಿ, ಮಕ್ಕಳಿಗೆ ಪ್ರೇರಣೆ ಆಗ್ತದೆ" ಅಂದರು. ಪ್ರೇರಣೆ ಆಗುವಂಥದ್ದು ಅದರಲ್ಲಿ ಎಷ್ಟಿದೆಯೋ ನನಗೆ ಅನುಮಾನ. ಆದರೆ ಈ ಶಾಲೆಯ ಅಂಗಳದಲ್ಲೇ ನಿಂತು ಹೇಳಬೇಕಾದ ಒಂದು ಮಾತು ಅದರಲ್ಲಿ ಇದೆ. ಅದಕ್ಕಾಗಿ ಬಂದೆ.

ಇದಕ್ಕೆ ಟ್ರೇಲ್ ರನ್ನಿಂಗ್ ಅನ್ನುತ್ತಾರೆ. ಡಾಂಬರು ರಸ್ತೆ ಬಿಟ್ಟು ಕಾಲುದಾರಿ, ಗುಡ್ಡ, ಮರಳು, ಗದ್ದೆಯ ಹಾಳಿ ಹಿಡಿದು ದೂರ ಓಡುವುದು. ಮೊನ್ನೆ ನನ್ನ ಚಿಕ್ಕಮ್ಮ ಕೇಳಿದರು, "ಅದಕ್ಕೆ ದುಡ್ಡು ಕೊಡ್ತಾರಾ?" ಇಲ್ಲ ಅಂದೆ. "ಹಾಗಾದ್ರೆ ಎಂತಕ್ಕೆ?" ಅಂದರು. ಉತ್ತರ ಹೊಳೆಯಲಿಲ್ಲ.

ದಾರಿಯ ವಿಷಯ ನಿಮಗೆ ಹೊಸತಲ್ಲ. ರಾವಣ ಆತ್ಮಲಿಂಗ ತಂದದ್ದು, ಸಂಜೆಯ ಸಂಧ್ಯಾವಂದನೆಗೆ ಹೋಗುವಾಗ ದನ ಕಾಯುವ ಹುಡುಗನ ವೇಷದಲ್ಲಿದ್ದ ಗಣಪತಿಯ ಕೈಗೆ ಕೊಟ್ಟದ್ದು, ಗಣಪತಿ ಅದನ್ನು ನೆಲಕ್ಕಿಟ್ಟದ್ದು, ಇವನ್ನೆಲ್ಲ ನಾವು ತೊಟ್ಟಿಲಲ್ಲೇ ಕೇಳಿದವರು. ರಾವಣ ಸಿಟ್ಟಿನಲ್ಲಿ ಕಿತ್ತು ಎಸೆದದ್ದು ಬಿದ್ದ ಜಾಗಗಳೇ ಶೆಜ್ಜೇಶ್ವರ, ಗುಣವಂತೆ, ಧಾರೇಶ್ವರ, ಮುರ್ಡೇಶ್ವರ. ಗೋಕರ್ಣ ಸೇರಿ ಪಂಚಕ್ಷೇತ್ರ. ಕಾರವಾರದ ಶೆಜ್ಜೇಶ್ವರ ಒಂದನ್ನು ಬಿಟ್ಟರೆ ಉಳಿದ ನಾಲ್ಕು ಕ್ಷೇತ್ರಗಳು ಮುರ್ಡೇಶ್ವರದಿಂದ ಗೋಕರ್ಣದವರೆಗೆ ಕಡಲಿನ ಪಕ್ಕದಲ್ಲೇ ಸಾಲಾಗಿ ಸಿಗುತ್ತವೆ. ಬಸ್ಸು ಇಲ್ಲದ ಕಾಲದಲ್ಲಿ ಜನ ಶಿವರಾತ್ರಿಗೆ ಈ ದಾರಿಯಲ್ಲೇ ನಡೆದು ಹೋಗುತ್ತಿದ್ದರು.

ನನ್ನ ಅಜ್ಜಿಯ ತವರು ಮಂಕಿ. ಹತ್ತು ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಹೀಗೆ ನಡೆದು ಗೋಕರ್ಣಕ್ಕೆ ಹೋಗಿದ್ದಳಂತೆ. ಶರಾವತಿಯನ್ನು ದೋಣಿಯಲ್ಲಿ ದಾಟಿದ್ದು, ಧಾರೇಶ್ವರದಲ್ಲಿ ಮಲಗಿದ್ದು, ಅಘನಾಶಿನಿಯಲ್ಲಿ ಮತ್ತೆ ದೋಣಿ ಹತ್ತಿದ್ದು ಎಲ್ಲ ಹೇಳುತ್ತಿದ್ದಳು. ಅವಳ ಒಂದು ಮಾತು ನನಗೆ ಬಹಳ ವರ್ಷ ಅರ್ಥವಾಗಿರಲಿಲ್ಲ. "ಶಿವರಾತ್ರಿಗೆ ಸಮುದ್ರ ದಾರಿ ಬಿಡ್ತದೆ." ದೇವರ ಮಹಿಮೆಯ ಮಾತು ಅಂದುಕೊಂಡಿದ್ದೆ.

ಓಡಲು ತಯಾರಿ ಮಾಡುವಾಗ ಭರತ ಇಳಿತದ ಪಟ್ಟಿ ನೋಡಿದೆ. ಆಗ ತಿಳಿಯಿತು. ಇಲ್ಲಿ ಕುಳಿತಿರುವ ಮೀನುಗಾರರಿಗೆ ಇದನ್ನು ಹೇಳುವುದು ಉದ್ಧಟತನವೇ, ಆದರೂ ಘಟ್ಟದ ಮೇಲಿಂದ ಬಂದ ಸೊಸೆಯಂದಿರು, ಅಳಿಯಂದಿರು ಇದ್ದಾರೆ, ಅವರಿಗಾಗಿ ಹೇಳುತ್ತೇನೆ. ಅಮಾವಾಸ್ಯೆ ಹುಣ್ಣಿಮೆಗೆ ಸೂರ್ಯ ಚಂದ್ರ ಒಂದೇ ಸಾಲಿಗೆ ಬಂದು ನೀರನ್ನು ಎಳೆಯುತ್ತವೆ. ಹಾಗಾಗಿ ಭರತವೂ ದೊಡ್ಡದು, ಇಳಿತವೂ ದೊಡ್ಡದು. ಶಿವರಾತ್ರಿ ಬರುವುದು ಬಹುಳ ಚತುರ್ದಶಿಗೆ, ಅಂದರೆ ಅಮಾವಾಸ್ಯೆಯ ಹಿಂದಿನ ದಿನ. ನಮ್ಮ ಕರಾವಳಿಯಲ್ಲಿ ಆ ದಿನಗಳ ಇಳಿತ ಬೆಳಗಿನ ಜಾವಕ್ಕೂ ಸಂಜೆಗೂ ಬೀಳುತ್ತದೆ. ಬಿಸಿಲಿಲ್ಲದ ಹೊತ್ತಿನಲ್ಲಿ ನೀರು ಹಿಂದೆ ಸರಿದು, ಒದ್ದೆ ಮರಳು ಸೆಗಣಿ ಸಾರಿಸಿದ ಅಂಗಳದ ಹಾಗೆ ಗಟ್ಟಿಯಾಗಿ ಮಲಗಿರುತ್ತದೆ. ಒಣ ಮರಳಿನಲ್ಲಿ ಹೆಜ್ಜೆ ಹುಗಿಯುತ್ತದೆ, ನೂರು ಮೀಟರು ಓಡಿದರೆ ಮುನ್ನೂರು ಮೀಟರಿನ ಸುಸ್ತು. ಒದ್ದೆ ಮರಳಿನಲ್ಲಿ ಕಾಲು ತಾನಾಗಿಯೇ ಹೋಗುತ್ತದೆ. ಅಜ್ಜಿ ಹೇಳಿದ ದಾರಿ ಇದೇ.

ಮೊದಲ ದಿನ ಮುರ್ಡೇಶ್ವರದಿಂದ ಹೊನ್ನಾವರ. ಮೂರು ಕಡೆ ಸಮುದ್ರವಿರುವ ಕಂದುಕಗಿರಿಯ ಮೇಲೆ 123 ಅಡಿಯ ಈಶ್ವರ ಕತ್ತಲಲ್ಲಿ ಕುಳಿತಿದ್ದ. ಕೆಳಗೆ ದೋಣಿಗಳ ನಡುವೆ ನಾನು ಬೂಟಿನ ದಾರ ಬಿಗಿಯುತ್ತಿದ್ದೆ. ಮಂಕಿಯವರೆಗೆ ಹಾರಿದ ಹಾಗೆ ಹೋದೆ. ಗುಣವಂತೆಯಲ್ಲಿ ಕೈಮುಗಿದು ಹೊರಟ ಮೇಲೆ ಬಲಮೊಣಕಾಲು ನೋಯತೊಡಗಿತು. ತಪ್ಪು ನನ್ನದೇ. ಕಡಲ ದಂಡೆ ಸಮತಟ್ಟಲ್ಲ, ನೀರಿನ ಕಡೆಗೆ ಇಳಿಜಾರು. ಬಡಗು ಮುಖವಾಗಿ ಓಡುವವರಿಗೆ ಎಡಗಾಲು ಯಾವಾಗಲೂ ತಗ್ಗಿನಲ್ಲಿ, ಬಲಗಾಲು ಎತ್ತರದಲ್ಲಿ. ಮಕ್ಕಳಿಗೆ ಪಾಠ ಹೇಳುವ ಟೀಚರಿಗೆ ಇದು ಮೊದಲೇ ಹೊಳೆಯಬೇಕಿತ್ತು. ಕಾಸರಕೋಡಿನ ಗಾಳಿಮರಗಳ ನೆರಳಲ್ಲಿ ಒಂದು ಗಂಟೆ ಬಿದ್ದುಕೊಂಡೆ. ಶರಾವತಿಯನ್ನು ದಾಟಲು ಈಗ ಹೆದ್ದಾರಿಯ ಸೇತುವೆಯೇ ಗತಿ. ಪಕ್ಕದಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಕೊಂಕಣ ರೈಲ್ವೆ ಸೇತುವೆ ನೋಡಲು ಚಂದ. ಹೆದ್ದಾರಿಯ ಸೇತುವೆಯ ಮೇಲೆ ಲಾರಿಗಳ ಗಾಳಿಗೆ ಟೋಪಿ ಹಾರಿಹೋಯಿತು.

ಎರಡನೆಯ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊನ್ನಾವರ, ಕರ್ಕಿ, ಧಾರೇಶ್ವರ, ಕುಮಟಾ. ಕೆಲವು ಕಡೆ ಕಡಲ್ಕೊರೆತಕ್ಕೆ ಹಾಕಿದ ದೊಡ್ಡ ಕಲ್ಲುಗಳು, ಅವುಗಳ ಮೇಲೆ ಓಡುವುದು ಹೋಗಲಿ, ನಡೆಯುವುದೂ ಕಷ್ಟ. ಒಂದು ಕಡೆ ತಂತಿಬೇಲಿ, 'ಖಾಸಗಿ ಜಾಗ' ಎಂಬ ಬೋರ್ಡು. ಕಾವಲಿನ ಹುಡುಗ ಒಳ್ಳೆಯವನು, "ಅಕ್ಕಾ, ಬೇಗ ದಾಟಿ ಹೋಗಿ" ಅಂದ. ಅಜ್ಜಿ ನಡೆದ ದಾರಿಯನ್ನು ನಾನು ಕಳ್ಳಿಯ ಹಾಗೆ ದಾಟಿದೆ. ಸ್ಪೇನ್ ದೇಶದ ಸಂತಿಯಾಗೋ ಯಾತ್ರೆಯ ದಾರಿಗಳಿಗೆ ಯುನೆಸ್ಕೋ ಮಾನ್ಯತೆ ಇದೆ, ಅಲ್ಲಿ ಕಡಲ ಬದಿಯಲ್ಲೂ ಹಳದಿ ಬಾಣದ ಗುರುತು ನೋಡುತ್ತ ಜನ ನಡೆಯುತ್ತಾರೆ. ಆ ಯಾತ್ರಿಕರ ಗುರುತು ಏನು ಗೊತ್ತೇ? ಒಂದು ಚಿಪ್ಪು. ಚೀಲಕ್ಕೆ ಚಿಪ್ಪು ಕಟ್ಟಿಕೊಂಡು ಹೋಗುತ್ತಾರೆ. ಚಿಪ್ಪಿಗೆ ನಮ್ಮಲ್ಲಿ ಬರವೇ! ಅಘನಾಶಿನಿಯ ಬಳಚನ್ನು ತಿಂದು ಬೆಳೆದ ಊರು ನಮ್ಮದು.

ಬಳಚಿನ ಮಾತು ಬಂತು. ಇನ್ನು ಮೂರನೆಯ ದಿನಕ್ಕೆ ಬರುತ್ತೇನೆ.

ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಹೇಳಬೇಡ ಎಂದು ಅವಳೇ ಹೇಳಿದ್ದಾಳೆ. ನನ್ನ ಜೊತೆ ಓದಿದವರಿಗೆ ಗೊತ್ತಾಗಿಯೇ ಆಗುತ್ತದೆ. 800 ಮೀಟರು ಓಟದಲ್ಲಿ ಈ ಅಂಗಳದಲ್ಲಿ ಅವಳನ್ನು ಯಾರೂ ಹಿಂದೆ ಹಾಕಿರಲಿಲ್ಲ. ನಾನು ಯಾವಾಗಲೂ ಎರಡನೆಯವಳು. ತಾಲೂಕು ಕ್ರೀಡಾಕೂಟದಲ್ಲೂ ಹಾಗೆಯೇ ಆಯಿತು. ಇಬ್ಬರೂ ಕಾರವಾರದ ಜಿಲ್ಲಾ ಕೂಟಕ್ಕೆ ಹೋಗಬೇಕಿತ್ತು. ಅವಳ ಅಪ್ಪ ಕೈ ಮುರಿದುಕೊಂಡು ಮನೆಯಲ್ಲಿದ್ದ ವರ್ಷ ಅದು. ಹೋಗಲು ದುಡ್ಡಿಲ್ಲ ಎಂದು ಅವಳು ಶಾಲೆಗೇ ಬರಲಿಲ್ಲ. ನಮ್ಮ ಪಿ.ಟಿ. ಮಾಸ್ತರರು, ಈಗ ಅವರಿಲ್ಲ, ನನ್ನನ್ನು ಕರೆದು, "ಬಸ್ ಚಾರ್ಜು, ಊಟ ಎಲ್ಲ ನಾನು ನೋಡಿಕೊಳ್ತೇನೆ. ಸಂಜೆ ಅವಳ ಅವ್ವನಿಗೆ ಹೇಳಿ ಬಾ" ಅಂದರು.

ನಾನು ಹೋಗಲಿಲ್ಲ. ಮಾರನೆಯ ದಿನ ಮಾಸ್ತರರು ಕೇಳಿದಾಗ, "ಅವ್ವ ಬಿಡೂದಿಲ್ಲ ಅಂದರು" ಎಂದು ಸುಳ್ಳು ಹೇಳಿದೆ.

ಕಾರವಾರದಲ್ಲಿ ನಾನು ಎರಡನೆಯವಳಾದೆ. ಆ ಸರ್ಟಿಫಿಕೇಟು ಮುಂದೆ ದೈಹಿಕ ಶಿಕ್ಷಣದ ಕಾಲೇಜಿನಲ್ಲಿ ಸೀಟಿಗೆ ನೆರವಾಯಿತು, ಸೀಟಿನಿಂದ ನೌಕರಿ. ಅವಳು ಹತ್ತನೆಯ ತರಗತಿಯ ನಂತರ ಅವ್ವನ ಜೊತೆ ಹೊಳೆಗೆ ಇಳಿದವಳು ಈಗಲೂ ಇಳಿಯುತ್ತಾಳೆ. ಸಿಕ್ಕಾಗ ಮಾತಾಡುತ್ತಿದ್ದೆವು. ಇದೊಂದನ್ನು ಬಿಟ್ಟು ಎಲ್ಲ ಮಾತಾಡುತ್ತಿದ್ದೆವು.

ಕೊನೆಯ ದಿನ ಕುಮಟಾದಿಂದ ಅಘನಾಶಿನಿಯ ದೋಣಿಯವರೆಗೆ ನನ್ನ ಜೊತೆ ಬರುತ್ತೀಯಾ ಎಂದು ಕೇಳಿದ್ದೆ. ನಕ್ಕಿದ್ದಳು. ಆದರೆ ಶಿವರಾತ್ರಿಯ ಬೆಳಿಗ್ಗೆ ಐದು ಗಂಟೆಗೆ ಅವಳ ಮಗ ಬೈಕಿನಲ್ಲಿ ತಂದು ಬಿಟ್ಟ. ಸೀರೆ ಎತ್ತಿ ಕಟ್ಟಿದ್ದಳು, ಬರಿಗಾಲು. ನನ್ನ ಹತ್ತಿರ ಹಣೆಗೆ ಕಟ್ಟುವ ಲೈಟು, ಬೆನ್ನಿಗೆ ನೀರಿನ ಚೀಲ, ಶಕ್ತಿ ಬರಲೆಂದು ಸಣ್ಣ ಪೊಟ್ಟಣದ ಜೆಲ್ಲು. ಅದನ್ನು ಮೂಸಿ ನೋಡಿ, "ಹಲ್ಲುಜ್ಜೂದಾ ಇದು?" ಅಂದಳು. ಅವಳಿಗೆ ಉಪವಾಸ. ಎಳನೀರು ಬಿಟ್ಟು ಏನೂ ಮುಟ್ಟಲಿಲ್ಲ.

ಇಳಿತ ತಳ ಮುಟ್ಟಿತ್ತು. ಮೊದಲ ಅರ್ಧ ಗಂಟೆ ನನ್ನ ಹಿಂದೆಯೇ ಬಂದಳು. ವನ್ನಳ್ಳಿಯ ಗುಡ್ಡ ಹತ್ತುವಾಗ ಪಕ್ಕಕ್ಕೆ ಬಂದಳು. ಅಲ್ಲಿಂದ ಮುಂದೆ ಮರಳು ಮುಗಿದಲ್ಲಿ ಗುಡ್ಡ, ಗುಡ್ಡ ಇಳಿದರೆ ಮತ್ತೆ ಮರಳು. ಚಿರೆಕಲ್ಲಿನ ಮೇಲೆ ಒಣಹುಲ್ಲು, ಕಾಲಿಟ್ಟರೆ ಜಾರುತ್ತದೆ. ನನ್ನ ಬೂಟು ಮೂರು ಸಲ ಜಾರಿತು. ಅವಳ ಕಾಲು ಒಮ್ಮೆಯೂ ಇಲ್ಲ. ಕಡ್ಲೆಗೆ ಬರುವಾಗ ನಾನು ಅವಳ ಬೆನ್ನು ನೋಡುತ್ತ ಓಡುತ್ತಿದ್ದೆ, ಒಂಬತ್ತನೆಯ ತರಗತಿಯಲ್ಲಿ ನೋಡುತ್ತಿದ್ದ ಹಾಗೆ. ಸೀರೆಯೊಂದು ಹೊಸದು.

ಬಾಡದ ಆಚೆ ಒಂದು ಬಂಡೆಯ ಮೇಲೆ ಕುಳಿತೆವು. ಬೆಳಕಾಗಿತ್ತು. ಹೇಳಿಬಿಟ್ಟೆ. ಮಾಸ್ತರರು ಕಳಿಸಿದ್ದು, ನಾನು ಹೋಗದೇ ಇದ್ದದ್ದು, ಸುಳ್ಳು ಹೇಳಿದ್ದು.

ಅವಳು ಸ್ವಲ್ಪ ಹೊತ್ತು ಸಮುದ್ರ ನೋಡಿದಳು. "ಆ ದಿನ ದೊಡ್ಡ ಇಳಿತ ಇತ್ತು" ಅಂದಳು. "ನಂಗೆ ನೆನಪದೆ. ಅವ್ವ ಹೇಳಿದ್ಲು, ಕಾರವಾರ ಎಲ್ಲಿಗೂ ಹೋಗೂದಿಲ್ಲ, ನೀರು ಹೋಗ್ತದೆ ಅಂತ. ನೀ ಬಂದು ಹೇಳಿದ್ರೂ ಬಿಡ್ತಿರಲಿಲ್ಲ."

ನನ್ನ ಎದೆ ಹಗುರವಾಗುವಷ್ಟರಲ್ಲಿ ಮತ್ತೆ ಅಂದಳು, "ಬಿಡ್ತಿದ್ಲೋ ಏನೋ. ಈಗ ಯಾರಿಗೆ ಗೊತ್ತು?"

ಆಮೇಲೆ ಕೇಳಿದಳು, "ನೀ ಅಲ್ಲಿ ಎಷ್ಟನೇದು ಬಂದೆ?"

"ಎರಡನೇದು."

"ನಾ ಬಂದಿದ್ರೆ ಒಂದನೇದು ಬರ್ತಿದ್ದೆ."

"ಹೌದು" ಅಂದೆ.

"ನಡಿ ಮಾರಾಯ್ತಿ, ಬಿಸಿಲು ಏರ್ತದೆ" ಎಂದು ಎದ್ದಳು.

ದೋಣಿಯ ಹತ್ತಿರ ಬಂದಾಗ ಭರತದ ನೀರು ಹೊಳೆಗೆ ನುಗ್ಗುತ್ತಿತ್ತು. ಅಲ್ಲಿ ನಿಂತ ಮೇಲೆ ನನಗೆ ತಟ್ಟಿತು. ಬೆಳಗಿನ ಜಾವದ ಆ ಇಳಿತ ಯಾತ್ರಿಕರಿಗೆ ದಾರಿ, ನನಗೆ ಗಟ್ಟಿ ಮರಳು, ಅವಳಿಗೆ ಬಳಚು ತೆಗೆಯುವ ಹೊತ್ತು. ದೊಡ್ಡ ಇಳಿತಕ್ಕೆ ಹೊಳೆಯ ನಡುವಿನ ದಿಬ್ಬಗಳು ತೇಲುತ್ತವೆ, ಹೆಂಗಸರು ಬುಟ್ಟಿ ಹಿಡಿದು ಇಳಿಯುತ್ತಾರೆ. ಅಣೆಕಟ್ಟೇ ಇಲ್ಲದೆ ಹರಿಯುವ ಹೊಳೆ, ಅದರ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು ಎಂದು ನಾವೆಲ್ಲ ಹೆಮ್ಮೆಪಟ್ಟೆವಲ್ಲ, ಆ ಹೊಳೆಯಲ್ಲಿ ಸೊಂಟಮಟ್ಟ ನಿಂತು ದುಡಿಯುವವಳು ಅವಳು. ನನ್ನ ಜೊತೆ ಓಡಲಿಕ್ಕೆ ಒಂದು ದೊಡ್ಡ ಇಳಿತದ ದುಡಿಮೆ ಬಿಟ್ಟು ಬಂದಿದ್ದಳು. ಆ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ತದಡಿಗೆ ದಾಟಿ ಗೋಕರ್ಣದವರೆಗೂ ಬಾ ಎಂದು ಕರೆದೆ. "ಸಂಜೆ ಇಳಿತಕ್ಕೆ ಹೋಗ್ಬೇಕು" ಅಂದಳು.

ಅಲ್ಲಿಂದ ಬೇಲೆಕಾನ, ಓಂ ಬೀಚು, ಕುಡ್ಲೆ ದಾಟಿ ಗೋಕರ್ಣ ಸೇರಿದ್ದು ಸರಿಯಾಗಿ ನೆನಪಿಲ್ಲ. ಸಮುದ್ರಸ್ನಾನ ಮಾಡಿ, ಕೋಟಿತೀರ್ಥದಲ್ಲಿ ಮುಳುಗೆದ್ದು, ಮೊದಲು ಗಣಪತಿಗೆ ಕೈಮುಗಿದು ಸಾಲಿನಲ್ಲಿ ನಿಂತೆ. ವಾಚು 75 ಕಿ.ಮೀ. ಚಿಲ್ಲರೆ ತೋರಿಸುತ್ತಿತ್ತು.

ಈಗ ಮುಖ್ಯಾಧ್ಯಾಪಕರಲ್ಲಿ ಒಂದು ವಿನಂತಿ. ಕಚೇರಿಯ ಹೊರಗೋಡೆಯ ಫಲಕದಲ್ಲಿ, ಕ್ರೀಡೆಯಲ್ಲಿ ಹೆಸರು ಮಾಡಿದ ವಿದ್ಯಾರ್ಥಿಗಳ ಸಾಲಿನಲ್ಲಿ, ನನ್ನ ಹೆಸರಿದೆ. ಜಿಲ್ಲಾ ಮಟ್ಟಕ್ಕೆ ಹೋದವರನ್ನು ಮಾತ್ರ ಬರೆದಿದ್ದಾರೆ, ಹಾಗಾಗಿ ಅವಳ ಹೆಸರಿಲ್ಲ. ಆ ವರ್ಷದ ತಾಲೂಕು ಕೂಟದ 800 ಮೀಟರಿನ ಪ್ರಥಮ ಸ್ಥಾನ ಶಾಲೆಯ ಕ್ರೀಡಾ ರಿಜಿಸ್ಟರಿನಲ್ಲಿ ಇರಬೇಕು. ದಯವಿಟ್ಟು ಹುಡುಕಿಸಿ, ನನ್ನ ಹೆಸರಿನ ಮೇಲೆ ಅವಳ ಹೆಸರು ಬರೆಸಿ. ಬಣ್ಣದ ಖರ್ಚು, ಬರೆಯುವವನ ಕೂಲಿ ನಾನು ಕೊಡುತ್ತೇನೆ. ಫಲಕದ ಮೇಲೆ ಬರೆಸಲು ಮಾತ್ರ ಅವಳನ್ನು ಒಪ್ಪಿಸಿದ್ದೇನೆ. ಅವಳ ಮೊಮ್ಮಗಳು ಇಲ್ಲೇ ಪಕ್ಕದ ಪ್ರಾಥಮಿಕ ಶಾಲೆಯಲ್ಲಿ ಓದುತ್ತಾಳೆ, ಒಳ್ಳೆಯ ಕಾಲು ಇದೆ ಎಂದು ಕೇಳಿದೆ.

ಇವತ್ತಿನ ಸಭೆಗೂ ಅವಳನ್ನು ಕರೆದಿದ್ದೆ. ನಿನ್ನೆ ಹುಣ್ಣಿಮೆ. ಇವತ್ತು ಐದೂವರೆಗೆ ದೊಡ್ಡ ಇಳಿತ. ಈಗ ಗಂಟೆ ಐದಾಯಿತು, ಅವಳು ಬುಟ್ಟಿ ತೆಗೆದುಕೊಂಡು ಹೊಳೆಗೆ ಇಳಿದಿರುತ್ತಾಳೆ.